ಕಿವಿ ಹಿಂದಿನ ತಗಣಿ

ಸುನಂದಾಬಾಯಿ ಬೈದರೆ, ಬೈಸಿಕೊಂಡವರು ಮರುದಿನ ಮತ್ತೆ ಟಿಕೆಟ್ ತೆಗೆಸಿ ಬರುತ್ತಿದ್ದರು. ಶ್ರೀ ಹೊಳಿಬಸವೇಶ್ವರ ನಾಟ್ಯ ಸಂಘದ ತಗಡಿನ ಥಿಯೇಟರಿನಲ್ಲಿ ಮುಂದೆ ಕುರ್ಚಿ, ಹಿಂದೆ ಬೆಂಚು. ಬೈಸಿಕೊಳ್ಳುವ ಭಾಗ್ಯ ಕುರ್ಚಿಯವರಿಗೆ ಮಾತ್ರ. ಅವರು ಸೊಂಟದ ಮೇಲೆ ಕೈಯಿಟ್ಟು ನಿಂತು, ಕುರ್ಚಿಗಳಲ್ಲಿ ಒಬ್ಬ ದೊಡ್ಡ ಹೊಟ್ಟೆಯವನನ್ನು ಹುಡುಕಿ, ಅವನನ್ನೇ ನೋಡುತ್ತ ಮಾತನ್ನು ಅರ್ಧಕ್ಕೆ ನಿಲ್ಲಿಸಿಬಿಡುತ್ತಿದ್ದರು. ಇಡೀ ಥಿಯೇಟರು ಉಸಿರು ಹಿಡಿಯುತ್ತಿತ್ತು. ಬೈಗುಳ ಬರುವುದಕ್ಕೆ ಮೊದಲೇ ಅರ್ಧ ಮಂದಿ ನಕ್ಕಿರುತ್ತಿದ್ದರು, ಬಂದಮೇಲೆ ಉಳಿದರ್ಧ ಮಂದಿ.

"ಬೈಗಳ ಯಾರರ ಬೈತಾರ," ಎನ್ನುತ್ತಿದ್ದರು ಸುನಂದಾಬಾಯಿ. "ಬೈಯೂಕಿಂತ ಮೊದಲ ಸುಮ್ಮನ ನಿಲ್ಲಾಕ ಎದಿ ಬೇಕು."

ಕೊರೊನಾ ಅವರಿಗೆ ಎರಡು ಸಲ ಬಂದಿತ್ತು. ಮೊದಲ ಸಲ ಜ್ವರ ಬಂದು ಹೋಯಿತು. ಎರಡನೆಯ ಸಲ ಜ್ವರ ಹೋಯಿತು, ಅದರ ಬೆನ್ನಿಗೆ ಬಂದ ಮಬ್ಬು ಹೋಗಲಿಲ್ಲ. ಒಲೆಯ ಮೇಲಿನ ಪಾತ್ರೆ ಇಳಿಸಲು ನಿಂತು, ಇಕ್ಕಳ ಎಂಬ ಮಾತು ಸಿಗದೆ, ಸೊಸೆಯ ಕಡೆ ತಿರುಗಿ ಎರಡು ಬೆರಳು ಕೂಡಿಸಿ ಬಿಡಿಸಿ ತೋರಿಸುತ್ತಿದ್ದರು. ಸ್ನಾನಕ್ಕೆ ನೀರು ಕಾಯಲಿಟ್ಟು ಅಂಗಳಕ್ಕೆ ಬಂದು, ತಾನು ಯಾಕೆ ಬಂದೆನೆಂದು ಅಂಗಳವನ್ನೇ ಕೇಳುತ್ತಿದ್ದರು. ಮೂವತ್ತೈದು ವರ್ಷ ಒಂದು ಅಕ್ಷರ ತಪ್ಪದೆ ಹೇಳಿದ ಪಾರ್ಟು, ನಡುವೆ ನಡುವೆ ಇಲಿ ಕಡಿದ ಸೀರೆಯಂತೆ ತೂತು ಬಿದ್ದಿತ್ತು.

ಮೊದಲ ಡಾಕ್ಟರು ವಯಸ್ಸಾಯಿತು ಎಂದರು. ಎರಡನೆಯವರು ಟೆನ್ಷನ್ ಮಾಡಿಕೊಳ್ಳಬೇಡಿ ಎಂದು ಹೇಳಿ, ತಾವೇ ಟೆನ್ಷನ್ನಿನಲ್ಲಿ ಮುಂದಿನ ಪೇಶಂಟನ್ನು ಕರೆದರು. ಮೂರನೆಯವರು ತಲೆಯ ಸ್ಕ್ಯಾನ್ ಮಾಡಿಸಿ, ಚಿತ್ರವನ್ನು ಬೆಳಕಿಗೆ ಹಿಡಿದು, "ಏನೂ ಇಲ್ಲ" ಎಂದು ಸಂತೋಷಪಟ್ಟರು.

"ನನ್ನ ತಲಿಯೊಳಗ ಏನೂ ಇಲ್ಲಂತ ಹೇಳಾಕ ಅಷ್ಟು ದೊಡ್ಡ ಮಷೀನ್ ಯಾಕ ಬೇಕಿತ್ತು?" ಎಂದರು ಸುನಂದಾಬಾಯಿ, ಆಸ್ಪತ್ರೆಯ ಮೆಟ್ಟಿಲಿಳಿಯುತ್ತ. "ನಮ್ಮ ಕಂಪನಿ ಮಾಲಕರನ್ನ ಕೇಳಿದ್ರ ಪುಕ್ಕಟ ಹೇಳ್ತಿದ್ರು."

ಓಣಿಯ ಮಂದಿ ಇನ್ನೂ ಮೇಲು. "ಮರೆಯೂದು ನಮಗೂ ಐತ್ರಿ ಬಾಯಾರ, ನಾ ನಿನ್ನೆ ಛತ್ರಿ ಮರತ ಬಂದ್ನಿ" ಎಂದು ಸಮಾಧಾನ ಹೇಳಲು ಬರುತ್ತಿದ್ದರು. ಸುನಂದಾಬಾಯಿ ಅವರನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, "ಕುಂಟನ ಮುಂದ ನಿಂತು ನನಗೂ ಕಾಲು ಜೋಮ ಹಿಡೀತೈತಿ ಅಂದಂಗಾತು" ಎನ್ನುತ್ತಿದ್ದರು. ಇಷ್ಟು ಹೇಳುವಷ್ಟರಲ್ಲಿ ಜೋಮು ಎಂಬ ಮಾತಿಗಾಗಿ ಎರಡು ಸಲ ತಡಕಾಡಬೇಕಾಗುತ್ತಿತ್ತು. ಬಂದವರು ಅಷ್ಟರಲ್ಲಿ ಚಹ ಮುಗಿಸಿ ಎದ್ದಿರುತ್ತಿದ್ದರು.

ಅಂಥ ಹೊತ್ತಿನಲ್ಲಿ ಧಾರವಾಡದ ಒಂದು ಕಂಪನಿ 'ನುಡಿಬಂಧು' ಎಂಬ ಯಂತ್ರವನ್ನು ತಂದಿತು. ಕಡಲೆಬೇಳೆಯಷ್ಟಗಲ, ಕಂದು ಬಣ್ಣ, ಕಿವಿಯ ಹಿಂದಿನ ಎಲುಬಿಗೆ ಅಂಟಿ ಕೂರುತ್ತದೆ. ನಾವು ಒಂದು ಮಾತನ್ನು ಹುಡುಕುವಾಗ ಗಂಟಲು, ನಾಲಿಗೆ ನಮಗೇ ತಿಳಿಯದಂತೆ ಸಣ್ಣಗೆ ಅಲುಗುತ್ತವೆ. ಯಂತ್ರ ಅದನ್ನು ಹಿಡಿಯುತ್ತದೆ. ಅದುವರೆಗೆ ಆಡಿದ ಮಾತು ಅದಕ್ಕೆ ಕೇಳಿಸಿರುತ್ತದೆ. ಮಾತು ನಿಂತು ಒಂದು ಉಸಿರು ಕಳೆಯಿತೋ, ಮುಂದಿನ ಮಾತು ಇದೇ ಇರಬೇಕೆಂದು ಅಂದಾಜು ಮಾಡಿ, ಎಲುಬಿನ ಮೂಲಕ ಒಳಗೇ ಪಿಸುಗುಟ್ಟುತ್ತದೆ. ಹೊರಗಿನವರಿಗೆ ಕೇಳಿಸುವುದಿಲ್ಲ. ಹಾಕಿಕೊಂಡವರಿಗೆ ತಮಗೇ ಹೊಳೆದಂತೆ ಇರುತ್ತದೆ. ಮಬ್ಬಿನ ತಲೆ, ಸಿಕ್ಕಿದ್ದೇ ಸಾಕೆಂದು ಅದನ್ನು ಹಾಗೆಯೇ ಆಡಿಬಿಡುತ್ತದೆ.

ಸುನಂದಾಬಾಯಿ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. "ತಗಣಿ," ಎಂದರು. ತಿಗಣೆಗೆ ನಮ್ಮ ಕಡೆಯ ಹೆಸರು. ಆ ಹೆಸರು ಓಣಿಯಿಂದ ಮಾರುಕಟ್ಟೆಗೆ, ಮಾರುಕಟ್ಟೆಯಿಂದ ಬಸ್‌ಸ್ಟ್ಯಾಂಡಿಗೆ ಹೋಗಿ, ಕೊನೆಗೆ ಔಷಧದ ಅಂಗಡಿಯವರೂ "ಒಂದು ತಗಣಿ ಕೊಡ್ಲ್ಯಾ?" ಎಂದು ಕೇಳುವಂತಾಯಿತು.

ಹುಬ್ಬಳ್ಳಿಯಲ್ಲಿ ಮಬ್ಬು ಹಿಡಿದವರು ಕಡಿಮೆ ಇರಲಿಲ್ಲ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಎಲ್ಲೆಲ್ಲೂ ತಗಣಿ. ಜನಕ್ಕೆ ಉಪಕಾರವಾಯಿತು, ಅದನ್ನು ಇಲ್ಲವೆನ್ನಬಾರದು. ಅರ್ಧ ಮಾತಿನಲ್ಲಿ ನಿಂತು ಅಳುತ್ತಿದ್ದ ಮಾಸ್ತರರು ಪಾಠ ಮುಗಿಸಿದರು. ಆದರೆ ಒಂದು ವಿಚಿತ್ರ ನಡೆಯಿತು. ದುರ್ಗದಬೈಲಿನಲ್ಲಿ ಬದನೆಕಾಯಿ ಮಾರುವವಳು ಗಿರಾಕಿ ಅರ್ಧಕ್ಕರ್ಧ ಕೇಳಿದಾಗ, ಹಿಂದೆ ಅವನ ತಾತನನ್ನೂ ಬಿಡದವಳು, "ತಾವು ಮತ್ತೊಮ್ಮೆ ಬರಬೇಕು" ಎಂದಳು. ಸ್ಕೂಟರೊಂದು ಆಟೋಕ್ಕೆ ಗುದ್ದಿದಾಗ ಇಬ್ಬರೂ ಇಳಿದು ಕಾಲರಿಗೆ ಕೈ ಹಾಕಿದರು. ಇಬ್ಬರ ಕಿವಿಯ ಹಿಂದೆಯೂ ತಗಣಿ. ಕಣ್ಣಲ್ಲಿ ಕೊಲೆ, ಬಾಯಲ್ಲಿ ಮಾತ್ರ, "ಪರವಾಗಿಲ್ಲ, ಇದನ್ನು ದೊಡ್ಡದು ಮಾಡುವುದು ಬೇಡ." ಇಬ್ಬರೂ ಒಂದೇ ಮಾತನ್ನು ಒಂದೇ ಹೊತ್ತಿಗೆ ಹೇಳಿ, ನಾಚಿಕೊಂಡು ಗಾಡಿ ಹತ್ತಿದರು.

"ಊರಿಗೂರ ಆಕಾಶವಾಣಿ ಆಗೇತಿ," ಎಂದರು ಸುನಂದಾಬಾಯಿ.

ಅವರದೇ ಗತಿ ಏನೂ ಬೇರೆ ಇರಲಿಲ್ಲ. ನಾಟಕ ಕಂಪನಿ ಮತ್ತೆ ಹುಬ್ಬಳ್ಳಿಯಲ್ಲಿ ಕ್ಯಾಂಪು ಹೂಡಿ, ಅವರ ಹೆಸರಾದ 'ಕಬ್ಬಿಣದ ಅತ್ತಿ, ಬಂಗಾರದ ಸೊಸಿ' ನಾಟಕದ ತಾಲೀಮು ಶುರುಮಾಡಿತ್ತು. ಮೊದಲ ದಿನ ಸುನಂದಾಬಾಯಿ ತಗಣಿ ಹಚ್ಚಿಕೊಂಡು ಹೋದರು. ನಾಟಕದ ಖಳ ತಮ್ಮನ ಪಾರ್ಟಿನವನ ಕಡೆ ತಿರುಗಿ, ಸೊಂಟದ ಮೇಲೆ ಕೈಯಿಟ್ಟು, "ನಿನ್ನ ಮಾರಿ ನೋಡಿದ್ರ ನನಗ..." ಎಂದು ಎಂದಿನಂತೆ ನಿಲ್ಲಿಸಿದರು. ಅಲ್ಲಿ ಅವರಿಗೆ ಮಾತು ಮರೆತಿರಲಿಲ್ಲ. ಮಾತನ್ನು ಬಾಯಲ್ಲಿಟ್ಟುಕೊಂಡು ಹಣ್ಣಾಗಿಸುತ್ತಿದ್ದರು. ತಗಣಿಗೆ ಅದು ಹೇಗೆ ಗೊತ್ತಾಗಬೇಕು? ಒಂದು ಉಸಿರಾಯಿತು, ಪಿಸುಗುಟ್ಟಿತು. ಹಣ್ಣಾಗುತ್ತಿದ್ದ ಮಾತು ಆ ಪಿಸುಮಾತಿಗೆ ಬೆದರಿ ಹಾರಿಹೋಯಿತು.

"...ತುಂಬಾ ಸಂತೋಷವಾಗುತ್ತದೆ," ಎಂದರು ಸುನಂದಾಬಾಯಿ.

ತಬಲಾದವನು ಮೊದಲು ನಕ್ಕ. ಆಮೇಲೆ ಯಾರೂ ನಗಲಿಲ್ಲ. ಮಾಲಕರು ಶಿವಮೂರ್ತಯ್ಯನವರು ಶಾಲು ಸರಿಮಾಡಿಕೊಂಡು ಹತ್ತಿರ ಬಂದರು.

"ಅಕ್ಕಾರ, ನೀವು ಅಂದ್ರ ಈ ಕಂಪನಿಗೆ ಬೋರ್ಡು ಇದ್ದಂಗ," ಎಂದರು. "ಆದ್ರ ಪಾರ್ಟು ಆಗೂದಿಲ್ಲಂದ್ರ ಈಗ ಹೇಳಿಬಿಡ್ರಿ. ರೋಣದ ಹುಡುಗಿ ಒಬ್ಬಾಕಿ ಬಾಯಿಪಾಠ ಮಾಡಿಕೊಂಡಾಳ. ಮೊದಲನೇ ಆಟ ನಿಮ್ಮದ. ಅದು ನಡೀಲಿಲ್ಲಂದ್ರ, ಆಕಿಗೆ ಕೊಡೂನು."

"ರೋಣದಾಕಿ ಬೈದ್ರ ಬೆಕ್ಕು ಸೈತ ಏಳೂದಿಲ್ಲ," ಎಂದರು ಸುನಂದಾಬಾಯಿ. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಪಾರ್ಟನ್ನೇ ಒಳಗೊಳಗೆ ಹೇಳಿಕೊಳ್ಳುತ್ತ ನಡೆದರು. ಆ ಪಾರ್ಟು ಹೋದರೆ ತಮ್ಮ ಬಳಿ ಉಳಿಯುವ ನಾಲಿಗೆ ಯಾರದು ಎಂಬುದು ಅವರಿಗೆ ತಿಳಿಯಲಿಲ್ಲ.

ತಗಣಿ ಕಂಪನಿಯ ಪ್ರಯೋಗಾಲಯ ಇದ್ದದ್ದು ಧಾರವಾಡದ ಒಂದು ಹಳೆಯ ಮದುವೆ ಮಂಟಪದಲ್ಲಿ. ಊಟದ ಹಾಲಿನ ಕಲ್ಲಿನ ಕಟ್ಟೆಗಳ ಮೇಲೆ ಈಗ ಕಂಪ್ಯೂಟರುಗಳು ಸಾಲಾಗಿ ಕುಳಿತಿದ್ದವು. ಗೋಡೆಯ ಮೇಲೆ 'ಊಟವಾದ ಮೇಲೆ ಕೈ ಇಲ್ಲಿ ತೊಳೆಯಬಾರದು' ಎಂಬ ಬರಹ ಹಾಗೇ ಇತ್ತು. ಅಲ್ಲಿನ ವಿಜ್ಞಾನಿ ಶ್ರೀವತ್ಸ ಮೈಸೂರು ಕಡೆಯ ತೆಳ್ಳಗಿನ ಹುಡುಗ. ಕೂದಲನ್ನು ಕಿವಿ ಮುಚ್ಚುವಂತೆ ಬಿಟ್ಟಿದ್ದ.

"ಅಮ್ಮ, ಇದು ತಪ್ಪು ಹೇಳಿಲ್ಲ," ಎಂದ ಅವನು ಪರದೆಯ ಮೇಲೆ ಅಲೆಅಲೆಯಾದ ಗೆರೆಗಳನ್ನು ತೋರಿಸುತ್ತ. "ನಿನ್ನ ಮುಖ ನೋಡಿದರೆ ನನಗೆ ಅನ್ನೋದರ ಮುಂದೆ ಹೆಚ್ಚು ಜನ ಏನು ಹೇಳ್ತಾರೋ, ಅದನ್ನೇ ಹೇಳಿದೆ. ಅದರ ಮೇಲೆ ಒರಟು ಮಾತು ಬರದ ಹಾಗೆ ಒಂದು ಜರಡಿ ಹಿಡಿದಿದ್ದೀವಿ."

"ಹೆಚ್ಚು ಮಂದಿ ಹೇಳೂದನ್ನ ಕೇಳಾಕ ಟಿಕೆಟ್ ತಗೊಂಡು ಯಾರ ಬರ್ತಾರಪ್ಪ?" ಎಂದರು ಸುನಂದಾಬಾಯಿ. "ಮನಿಯೊಳಗ ಕುಂತ್ರ ಪುಕ್ಕಟ ಕೇಳತೈತಿ."

ಶ್ರೀವತ್ಸ ಪೆನ್ನಿನ ತುದಿ ಕಚ್ಚಿದ. "ಹಾಗಾದರೆ ನಿಮ್ಮದೇ ಮಾತು ಕಲಿಸೋಣ. ಜರಡಿ ತೆಗೀತೀನಿ. ನಿಮ್ಮ ಹಳೇ ರೆಕಾರ್ಡಿಂಗ್ ಏನಾದರೂ ಇದೆಯಾ?"

ಇಲ್ಲದೆ ಏನು? ಒಂದು ಕಾಲಕ್ಕೆ ಸುನಂದಾಬಾಯಿಯ ನಾಟಕದ ಕ್ಯಾಸೆಟ್ಟುಗಳು ಬಿಜಾಪುರದ ತನಕ ಬಸ್ಸುಗಳಲ್ಲಿ ಕೂಗಿದ್ದವು. ಟ್ರಂಕಿನಲ್ಲಿದ್ದವುಗಳನ್ನೆಲ್ಲ ತೆಗೆದು, ಯಾವ ಯಾವ ಸೀನಿಗೆ ಶಿಳ್ಳೆ ಹೆಚ್ಚು ಬಿದ್ದಿತ್ತೋ ಅವನ್ನೇ ಆರಿಸಿ ಕೊಟ್ಟರು. ನಟಿಯಾದವಳು ಇನ್ನೇನು ಮಾಡಿಯಾಳು? ಕೆಟ್ಟ ಅತ್ತೆ, ಬಡ್ಡಿ ಸಾಹುಕಾರ್ತಿ, ಊರು ಒಡೆಯುವ ಗೌಡಸಾನಿ. ಅವರು ಮನೆಯಲ್ಲಿ ಹೇಗೆ ಮಾತಾಡುತ್ತಿದ್ದರೆಂದು ಯಾರೂ ಕ್ಯಾಸೆಟ್ ಮಾಡಿರಲಿಲ್ಲ. ಇನ್ನೊಂದು ಸಂಗತಿ ಅವರಿಗೂ ನೆನಪಿರಲಿಲ್ಲ. ಮೂರು ತಾಸಿನ ನಾಟಕವನ್ನು ಒಂದು ಕ್ಯಾಸೆಟ್ಟಿಗೆ ಹಿಡಿಸಲು ಆ ಕಾಲದ ರೆಕಾರ್ಡಿಂಗಿನವರು ಮೌನವಿದ್ದ ಜಾಗಗಳನ್ನೆಲ್ಲ ಕತ್ತರಿಸಿ ಹಾಕಿದ್ದರು. ಸುನಂದಾಬಾಯಿಯ ಬೈಗುಳ ಪೂರ್ತಿ ಇತ್ತು. ನಿಲುಗಡೆ ಒಂದೂ ಇರಲಿಲ್ಲ.

ಯಂತ್ರ ಅದನ್ನು ಕಲಿಯಿತು.

ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಮಗ ಈರಣ್ಣ ಬಸ್ ಕಂಡಕ್ಟರ್, ದೂರದ ರೂಟು, ಎರಡು ದಿನಕ್ಕೊಮ್ಮೆ ಮುಖ. ಸೊಸೆ ಮಾದೇವಿ ಕಿಟಕಿಯ ಬಳಿ ಮಷೀನ್ ಇಟ್ಟುಕೊಂಡು ಕುಪ್ಪಸ ಹೊಲಿಯುತ್ತಿದ್ದಳು. ಮಬ್ಬು ಹಿಡಿದಂದಿನಿಂದ ನಾಟಕದ ಹಸ್ತಪ್ರತಿಯನ್ನು ಮಷೀನಿನ ಮೇಲೆ ಒರಗಿಸಿಕೊಂಡು, ಹೊಲಿಯುತ್ತಲೇ ಅತ್ತೆಗೆ ಪಾರ್ಟು ಹೇಳಿಕೊಡುತ್ತಿದ್ದವಳೂ ಅವಳೇ. ಇಬ್ಬರ ಪ್ರೀತಿ ಜಗಳದ ಭಾಷೆಯಲ್ಲಿತ್ತು.

"ನಿನ್ನ ರೊಟ್ಟಿ ಗ್ವಾಡಿಗೆ ಒಗದ್ರ ಗ್ವಾಡಿ ಬೀಳತೈತಿ," ಎಂದರೆ,

"ಗ್ವಾಡಿ ನಿಮ್ಮದ ಅಲ್ರಿ ಅತ್ತಿ, ಬೀಳಲಿ," ಎನ್ನುವಳು ಮಾದೇವಿ, ಸೂಜಿಗೆ ದಾರ ಪೋಣಿಸುತ್ತ.

ಒಂದು ಜಾಗವನ್ನು ಮಾತ್ರ ಸುನಂದಾಬಾಯಿಯ ನಾಲಿಗೆ ಸುತ್ತು ಹಾಕಿ ಹೋಗುತ್ತಿತ್ತು. ಮದುವೆಯಾಗಿ ಎಂಟು ವರ್ಷಕ್ಕೆ ನಿಂತ ಬಸಿರು, ಮನೆಗೆಲ್ಲ ಕೊರೊನಾ ಬಂದ ಆ ಎರಡನೆಯ ಸಲವೇ ಇಳಿದುಹೋಗಿತ್ತು. ಆಮೇಲೆ ಮತ್ತೆ ನಿಲ್ಲಲಿಲ್ಲ. ಎದುರುಮನೆಯ ಪಾರವ್ವ ಒಮ್ಮೆ ಬಾಗಿಲಲ್ಲಿ ನಿಂತು, "ಇನ್ನೂ ಏನೂ ಇಲ್ಲೇನ್ರಿ ನಿಮ್ಮ ಸೊಸಿಗೆ?" ಎಂದಾಗ ಸುನಂದಾಬಾಯಿ ಸೊಂಟದ ಮೇಲೆ ಕೈಯಿಟ್ಟು ಸುಮ್ಮನೆ ನಿಂತರು. ಬೈಗುಳ ಬರಲೇ ಇಲ್ಲ, ಆ ನಿಲುಗಡೆಯೊಂದೇ. ಪಾರವ್ವ ಅಂದಿನಿಂದ ಹಾಲಿಗೆ ಹೋಗುವ ದಾರಿ ಬದಲಿಸಿದ್ದಳು.

ಹೊಸದಾಗಿ ಕಲಿತ ತಗಣಿ ಮನೆಗೆ ಬಂದ ಮೂರನೆಯ ದಿನ ಮಧ್ಯಾಹ್ನ ಮಾದೇವಿ ಒಂದು ಹಸಿರು ಕುಪ್ಪಸ ಹೊಲಿಯುತ್ತಿದ್ದಳು. ಯಾರದೋ ಕುಬಸಕ್ಕೆ, ಅಂದರೆ ಬಸುರಿಯ ಸೀಮಂತಕ್ಕೆ, ಉಡಿ ತುಂಬುವಾಗ ತೊಡಿಸುವ ಕುಪ್ಪಸ; ಅದಕ್ಕೂ ಕುಬಸವೆಂದೇ ಹೆಸರು. ಅಂಚಿಗೆ ಸಣ್ಣ ಗಿಳಿಗಳನ್ನು ಕೂರಿಸಿದ್ದಳು. ಸುನಂದಾಬಾಯಿ ಹಿಂದಿನಿಂದ ಬಂದು ನೋಡಿದರು. ಗಿಳಿಗಳು ಎದ್ದು ಹಾರುವಂತಿದ್ದವು. ಎಂದೂ ಹೊಗಳದವರಿಗೆ ಅಂದು ಹೊಗಳಬೇಕೆನಿಸಿತು.

"ಹಸರ ಕುಬಸ ಹೊಲಿಯೂದ್ರಾಗ ಈ ಮನಿ ಸೊಸಿ ಅಂದ್ರ..."

ಎತ್ತಿದ ಕೈ ಎನ್ನಬೇಕಾಗಿತ್ತು. ಕೈ ಎಂಬ ಮಾತು ನಾಲಿಗೆಯ ತುದಿಯ ತನಕ ಬಂದು ಮಬ್ಬಿನಲ್ಲಿ ಕರಗಿತು. ನಾಟಕದ ಎರಡನೆಯ ಅಂಕದಲ್ಲಿ ಕಬ್ಬಿಣದ ಅತ್ತೆ ಆಡುವ ಮಾತಿನ ಮೊದಲರ್ಧ ಹೆಚ್ಚುಕಡಿಮೆ ಇದೇ. ಕ್ಯಾಸೆಟ್ಟಿನಲ್ಲಿ ಅದಕ್ಕೆ ಬಿದ್ದಷ್ಟು ಶಿಳ್ಳೆ ಯಾವುದಕ್ಕೂ ಬಿದ್ದಿರಲಿಲ್ಲ. ತಗಣಿ ಒಂದು ಉಸಿರನ್ನೂ ಕಾಯಲಿಲ್ಲ.

"...ಬಂಜಿ. ಹೊಲಿಯೂದು ಈಕಿ, ಉಡಿ ತುಂಬಿಸಿಕೊಳ್ಳೂದು ಊರ ಮಂದಿ," ಎಂದರು ಸುನಂದಾಬಾಯಿ, ಹಿಂದಿನ ಬೆಂಚಿಗೂ ಮುಟ್ಟುವ ದನಿಯಲ್ಲಿ.

ಮಷೀನು ನಿಂತಿತು. ಮಾದೇವಿ ತಿರುಗಿ ನೋಡಿದಳು. ಅತ್ತೆಯ ಮುಖದಲ್ಲಿ ಇನ್ನೂ ಹೊಗಳಿಕೆಯ ನಗುವೇ ಇತ್ತು. ಅದನ್ನು ನೋಡಿ ಅವಳಿಗೆ ಹೆಚ್ಚು ನೋವಾಯಿತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಸುನಂದಾಬಾಯಿಯ ತಲೆಯಲ್ಲಿ ಆ ಮಾತು ಇರಲಿಲ್ಲ. ಮನೆಯಲ್ಲಿ ಇತ್ತು. ಮಾದೇವಿ ರೊಟ್ಟಿ ಬಡಿಸಿದಳು, ಗುಳಿಗೆ ಕೊಟ್ಟಳು, ಹಾಸಿಗೆ ಕೊಡವಿದಳು.

"ರೊಟ್ಟಿ ಚಪ್ಪಲಿ ಆಗೇತಿ," ಎಂದು ಸುನಂದಾಬಾಯಿ ಎಂದಿನಂತೆ ಕೆಣಕಿದರು.

"ಹೌದ್ರಿ ಅತ್ತಿ," ಎಂದಳು ಮಾದೇವಿ.

ಮರುದಿನವೂ ಅಷ್ಟೇ. ಅದರ ಮರುದಿನವೂ. ಏನೆಂದರೂ "ಹೌದ್ರಿ ಅತ್ತಿ." ಅವಳ ಕಿವಿಯ ಹಿಂದೆ ತಗಣಿ ಕೂತಿದೆಯೇ ಎಂದು ಸುನಂದಾಬಾಯಿ ಕದ್ದು ನೋಡಿದರು. ಇರಲಿಲ್ಲ.

"ನಾ ನಿನಗ ಏನರ ಅಂದ್ನೇನು?"

"ಏನೂ ಅಂದಿಲ್ರಿ."

"ಸುಳ್ಳು ಹೇಳಬ್ಯಾಡ. ನಿನಗ ಸುಳ್ಳು ಹೇಳಾಕ ಬರೂದಿಲ್ಲ. ಮಾರಿ ಹುಳ್ಳಗ ಅಕ್ಕೈತಿ."

"ಹೌದ್ರಿ ಅತ್ತಿ," ಎಂದು ಮಾದೇವಿ ಒಳಗೆ ಹೋದಳು.

ಮತ್ತೆ ಪ್ರಯೋಗಾಲಯಕ್ಕೆ ಹೋದಾಗ ಸುನಂದಾಬಾಯಿ ತಗಣಿಯನ್ನು ಕಾಗದದಲ್ಲಿ ಸುತ್ತಿ, ಸತ್ತ ಜಿರಳೆಯನ್ನು ಒಯ್ಯುವಂತೆ ಎರಡು ಬೆರಳಲ್ಲಿ ಹಿಡಿದು ಒಯ್ದಿದ್ದರು. ಅದನ್ನು ಊಟದ ಕಟ್ಟೆಯ ಮೇಲಿಟ್ಟು, "ಇದು ನನ್ನ ಬಾಯಿಂದ ನಮ್ಮ ಸೊಸಿಗೆ ಏನೋ ಅಂದೈತಿ. ಏನಂತ ಹೇಳು," ಎಂದರು.

"ಅದನ್ನ ನಾವು ಇಟ್ಟುಕೊಳ್ಳೋದಿಲ್ಲಮ್ಮ. ಜನರ ಖಾಸಗಿ ಮಾತು. ಪಿಸುಗುಟ್ಟಿದ ತಕ್ಷಣ ಅಳಿಸಿಹೋಗುತ್ತೆ."

"ಅಂದ್ರ ಅಂದಾಕಿಗೂ ನೆನಪಿಲ್ಲ, ಅನಿಸಿದ್ದಕ್ಕೂ ನೆನಪಿಲ್ಲ. ಅನಿಸಿಕೊಂಡಾಕಿಗೆ ಅಷ್ಟ ನೆನಪೈತಿ. ಏನ್ ಛಂದ ಕಾಯದೇ ಮಾಡೀರಿ." ಅವರು ಸಾಲುಕಂಪ್ಯೂಟರುಗಳನ್ನು, ಅವುಗಳ ಮುಂದೆ ಕುಳಿತ ಮಕ್ಕಳನ್ನು ಒಮ್ಮೆ ನೋಡಿದರು. "ನನ್ನ ಸೊಸಿ ಮನಿಯೊಳಗ ನಾಕು ದಿನದಿಂದ ನನ್ನ ಕೂಡ ಜಗಳಾಡಿಲ್ಲ. ನಿಮಗ ಅದರ ಅರ್ಥ ಗೊತ್ತೈತೇನು?"

ಶ್ರೀವತ್ಸ ಬಾಯಿ ತೆರೆದ. ನಿಂತ. "ತುಂಬಾ... ಸಂತೋಷವಾಯಿತು," ಎಂದ.

ಅಂದಮೇಲೆ ಅವನ ಮುಖ ಕೆಂಪಾಯಿತು. ಸುನಂದಾಬಾಯಿ ಎದ್ದು, ಅವನ ಕಿವಿಯ ಮೇಲಿನ ಕೂದಲನ್ನು ಒಂದು ಬೆರಳಿಂದ ಸರಿಸಿ ನೋಡಿದರು. ಅಲ್ಲಿ ಕಂದು ತಗಣಿ.

"ನಿನಗೂ ಬಂದಿತ್ತೇನೋ?"

"ಮೂರು ಸಲ ಅಮ್ಮ. ಪಿಎಚ್‌ಡಿ ಬರೆಯುವಾಗ. ಬರೆದದ್ದನ್ನ ಓದಿದರೆ ಯಾರೋ ಬರೆದ ಹಾಗೆ ಇರುತ್ತಿತ್ತು." ಅವನು ಕೂದಲನ್ನು ಮತ್ತೆ ಇಳಿಬಿಟ್ಟುಕೊಂಡ. "ಇದು ಇಲ್ಲದಿದ್ದರೆ ನಾನು ಇವತ್ತು ನಿಮ್ಮ ಹತ್ತಿರ ಇಷ್ಟೂ ಮಾತಾಡ್ತಿರಲಿಲ್ಲ."

ಸುನಂದಾಬಾಯಿಗೆ ಬೈಯಲು ಮನಸ್ಸಾಗಲಿಲ್ಲ. ಅದೇ ಅವರಿಗೆ ಸಿಟ್ಟು ತರಿಸಿತು. ಸರಿಯಾಗಿ ಬೈಯುವುದಕ್ಕೂ ಎದುರಿಗೊಬ್ಬ ಯೋಗ್ಯ ಮನುಷ್ಯ ಬೇಕು. ಇಲ್ಲಿ ಯಂತ್ರವನ್ನು ಕಟ್ಟಿದವನೇ ಯಂತ್ರ ಹೇಳಿಕೊಟ್ಟದ್ದನ್ನು ಆಡುತ್ತಿದ್ದ.

ಹೊರಡುವಾಗ ಅವನು ಹಿಂದೆ ಬಂದ. "ಅಮ್ಮ, ಮೊದಲನೇ ಆಟಕ್ಕೆ ನಮ್ಮ ಕಂಪನಿಯವರು ಕುರ್ಚಿ ಎಲ್ಲಾ ಹಿಡಿದಿದ್ದಾರೆ. ನುಡಿಬಂಧು ಹಾಕಿಕೊಂಡವರನ್ನೇ ಕೂರಿಸ್ತಾರಂತೆ. ನೀವೂ ಹಾಕಿಕೊಂಡು ಆಡ್ತೀರಿ ಅಂತ ಪೋಸ್ಟರ್ ಆಗಿದೆ." ದನಿ ತಗ್ಗಿಸಿದ. "ಒಂದು ತೊಂದರೆ ಇದೆ, ಮೇಲಿನವರಿಗೆ ಹೇಳಿದೆ, ಕೇಳಲಿಲ್ಲ. ಯಾರಾದರೂ ಮಾತು ಅರ್ಧಕ್ಕೆ ನಿಲ್ಲಿಸಿದರೆ ಕೇಳೋರ ಗಂಟಲೂ ಒಳಗೇ ಅದನ್ನ ಮುಗಿಸೋಕೆ ಅಲುಗುತ್ತೆ. ಯಂತ್ರಕ್ಕೆ ಅದು ಹುಡುಕಾಟದ ಹಾಗೇ ಕಾಣುತ್ತೆ."

"ಅದಕ್ಕ?"

"ಅದಕ್ಕೇ... ನಿಲ್ಲಿಸಬೇಡಿ ಅಂತ."

"ನಿಲ್ಲಿಸೂದ ನನ್ನ ಕಸಬು," ಎಂದರು ಸುನಂದಾಬಾಯಿ. ಕಾಗದದ ಪೊಟ್ಟಣ ಕಟ್ಟೆಯ ಮೇಲೇ ಉಳಿಯಿತು.

ಮೊದಲನೆಯ ಆಟ ಭಾನುವಾರ ಮಧ್ಯಾಹ್ನದ್ದು. ತಗಡಿನ ಥಿಯೇಟರು ಕಾದ ಹಂಚಿನಂತಿತ್ತು. ಕುರ್ಚಿಗಳ ತುಂಬ ತಗಣಿಯವರು. ತಗಣಿ ಕಂಪನಿಯ ದೊಡ್ಡವರು ಕೊರಳಿಗೆ ಹಾರ ಹಾಕಿಸಿಕೊಂಡು ಮೊದಲ ಸಾಲಿನಲ್ಲಿ ಕುಳಿತಿದ್ದರು, ಶ್ರೀವತ್ಸ ಅವರ ಪಕ್ಕದಲ್ಲಿ. ಸುನಂದಾಬಾಯಿ ಬಣ್ಣ ಹಚ್ಚಿಕೊಂಡು ಕುಳಿತು, ಬರಿಯ ಕಿವಿಯ ಹಿಂದೆ ಸೆರಗು ಎಳೆದುಕೊಂಡರು. ಮಾಲಕರಿಗೆ ಗೊತ್ತಾಗಬಾರದು.

"ಸೈಡಿನ್ಯಾಗ ನಿಂದ್ರು. ತಪ್ಪಿದ್ರ ಹೇಳಿಕೊಡು," ಎಂದರು ಮಾದೇವಿಗೆ.

"ಹೌದ್ರಿ ಅತ್ತಿ," ಎಂದಳು ಅವಳು, ಹಸ್ತಪ್ರತಿಯನ್ನು ಎದೆಗವಚಿಕೊಂಡು.

ಮೊದಲ ಅಂಕ ಹೇಗೋ ದಾಟಿತು. ಎರಡು ಕಡೆ ಮಾತು ತಪ್ಪಿತು, ಎರಡೂ ಕಡೆ ಮಾದೇವಿಯ ಪಿಸುದನಿ ಸರಿಯಾದ ಹೊತ್ತಿಗೆ ಬಂತು. ಬೆಂಚಿನವರು ನಕ್ಕರು. ಕುರ್ಚಿಯವರು ನಗುವ ಮೊದಲು ಅಕ್ಕಪಕ್ಕ ನೋಡಿಕೊಂಡರು. ಶಿವಮೂರ್ತಯ್ಯನವರು ಪರದೆಯ ಸಂದಿಯಿಂದ ನೋಡುತ್ತಲೇ ಇದ್ದರು. ಅವರ ಹಿಂದೆ ರೋಣದ ಹುಡುಗಿ ಬಣ್ಣ ಹಚ್ಚಿಕೊಂಡೇ ನಿಂತಿದ್ದಳು.

ಎರಡನೆಯ ಅಂಕ. ರಂಗದ ಮೇಲೆ ಬಂಗಾರದ ಸೊಸೆ ಹಸಿರು ಕುಪ್ಪಸ ಹೊಲಿಯುತ್ತ ಕುಳಿತಿದ್ದಾಳೆ. ಕಬ್ಬಿಣದ ಅತ್ತೆ ಬಂದು ಸೊಂಟದ ಮೇಲೆ ಕೈಯಿಟ್ಟಳು.

"ಹಸರ ಕುಬಸ ಹೊಲಿಯೂ ಈ ಮನಿ ಸೊಸಿ ಅಂದ್ರ..."

ನಿಂತರು. ಈ ಸಲ ಅದು ನಿಲುಗಡೆಯಲ್ಲ. ಮಾತು ಹೋಗಿತ್ತು. ಮುಂದೆ ಏನೆಂದು ಹುಡುಕಿದರೆ ಅಲ್ಲಿ ತೇವದ ಗೋಡೆಯಂಥ ಬಿಳುಪು. ಸೊಂಟದ ಮೇಲಿನ ಕೈ ತೆಗೆಯದೆ, ಸೈಡಿನ ಕಡೆ ಕಣ್ಣು ಹೊರಳಿಸಿದರು.

ಮಾದೇವಿಯ ಬೆರಳು ಹಸ್ತಪ್ರತಿಯಲ್ಲಿ ಆ ಸಾಲಿನ ಮೇಲೇ ಇತ್ತು. ತುಟಿ ಅಲುಗಲಿಲ್ಲ. ಅವಳು ಆ ಸಾಲನ್ನು ನೋಡುತ್ತಿರಲಿಲ್ಲ, ಅತ್ತೆಯನ್ನು ನೋಡುತ್ತಿದ್ದಳು. ಮಧ್ಯಾಹ್ನದ ಬೆಳಕು, ಹಸಿರು ಬಟ್ಟೆ, ತಿರುಗಿದ ಆ ಮುಖ. ಸುನಂದಾಬಾಯಿಗೆ ಮಾತು ನೆನಪಾಯಿತು. ನಾಟಕದ ಮಾತೂ ಅದೇ, ಮನೆಯಲ್ಲಿ ಆಡಿದ ಮಾತೂ ಅದೇ. ಪಾರವ್ವನ ಬಾಯಿ ಮುಚ್ಚಿಸಿದವರ ನಾಲಿಗೆಯಿಂದಲೇ ಪಾರವ್ವನೂ ಆಡದ ಮಾತು ಹೊರಬಿದ್ದಿತ್ತು.

ಈಗ ಮಾತು ಬಾಯಲ್ಲೇ ಇತ್ತು. ಆಡಿದರೆ ಪಾರ್ಟು ಉಳಿಯುತ್ತಿತ್ತು. ಅವರು ಆಡಲಿಲ್ಲ.

ಥಿಯೇಟರು ಉಸಿರು ಹಿಡಿಯಿತು. ಒಂದು ಉಸಿರು. ಕುರ್ಚಿಗಳಲ್ಲಿ ಗಂಟಲುಗಳು ಸಣ್ಣಗೆ ಅಲುಗಿದವು. ಮೊದಲು ಎಡಗಡೆಯ ಮೂಲೆಯಿಂದ ಒಂದು ದನಿ ಬಂತು, ಅದರ ಹಿಂದೆ ನಾಲ್ಕು, ಆಮೇಲೆ ಹಾರ ಹಾಕಿಸಿಕೊಂಡವರೂ ಸೇರಿ ಇಡೀ ಕುರ್ಚಿಸಾಲುಗಳು, ಶಾಲೆಯ ಮಕ್ಕಳು ಮಗ್ಗಿ ಒಪ್ಪಿಸಿದಂತೆ, ಜರಡಿ ಹಿಡಿದ ನಯವಾದ ದನಿಯಲ್ಲಿ ಹೇಳಿದವು:

"ಮನೆಯ ಬೆಳಕು."

ಹೇಳಿದವರೇ ಬೆಚ್ಚಿ ಒಬ್ಬರನ್ನೊಬ್ಬರು ನೋಡಿಕೊಂಡರು. ಶ್ರೀವತ್ಸ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದ. ಬೆಂಚಿನವರಿಗೆ ನಗಬೇಕೋ ಹೆದರಬೇಕೋ ತಿಳಿಯಲಿಲ್ಲ.

ಸುನಂದಾಬಾಯಿ ರಂಗದ ಅಂಚಿಗೆ ಬಂದರು. ಮೊದಲ ಸಾಲಿನಲ್ಲಿ ಅತಿ ದೊಡ್ಡ ಹೊಟ್ಟೆ, ಅತಿ ದೊಡ್ಡ ಹಾರ ಯಾರದೆಂದು ಹುಡುಕಿ, ಅವನ ಮೇಲೆ ಕಣ್ಣು ಇಟ್ಟರು.

"ಬೆಳಕಂತ," ಎಂದರು.

ಕಾದರು. ಒಂದು ಉಸಿರು, ಎರಡು ಉಸಿರು, ಮೂರು. ತಗಣಿಗಳು ಏನು ಪಿಸುಗುಟ್ಟಿದವೋ, ಈ ಸಲ ಯಾರೂ ಬಾಯಿ ಬಿಡಲಿಲ್ಲ. ಆ ಕಣ್ಣಿನ ಕೆಳಗೆ ಬಿಡುವ ಧೈರ್ಯ ಇರಲಿಲ್ಲ.

"ಉರಿಯಾಕಿ ಒಬ್ಬಾಕಿ. ಸುತ್ತ ಕುಂತು ಮೈ ಕಾಸಿಕೊಳ್ಳಾವ್ರು ನೀವು, ನಾನು, ಊರ ಮಂದಿ. ಕಾಸಿಕೊಂಡು ಬೆಚ್ಚಗಾದ ಮ್ಯಾಲೆ ಹೆಸರಿಡತೀರಿ, ಬೆಳಕಂತ ಬೆಳಕು. ಎಣ್ಣಿ ಹಾಕಿದವ್ರು ಒಬ್ಬರರ ಅದೀರೇನು? ಇದ್ರ ಕೈ ಎತ್ರಿ, ನೋಡೂನು."

ಒಂದು ಕೈಯೂ ಏಳಲಿಲ್ಲ. ಸುನಂದಾಬಾಯಿ ತಮ್ಮ ಕೈಯನ್ನೇ ಸೊಂಟದಿಂದ ಅರ್ಧ ಎತ್ತಿ, ನೋಡಿ, ಇಳಿಸಿದರು. "ನಂದೂ ಇಲ್ಲ," ಎಂದರು.

ಬೆಂಚಿನ ಕಡೆಯಿಂದ ಮೊದಲ ಶಿಳ್ಳೆ ಬಿತ್ತು. ಆಮೇಲೆ ತಗಡು ಹಾರಿಹೋಗುವಂಥ ಸದ್ದು. ದೊಡ್ಡ ಹಾರದವನೂ ನಕ್ಕ. ಬೈಸಿಕೊಂಡದ್ದು ತಾನೇ ಎಂದು ಅವನಿಗೆ ತಿಳಿದಿತ್ತು, ಎಷ್ಟೋ ದಿನಗಳ ಮೇಲೆ ಯಾರೋ ತನ್ನ ಮುಖ ನೋಡಿ ಮಾತಾಡಿದಂತೆ ಅವನಿಗೆ ಅನಿಸಿರಬೇಕು. ಪರದೆಯ ಸಂದಿಯಲ್ಲಿ ಶಿವಮೂರ್ತಯ್ಯನವರು ಹಸ್ತಪ್ರತಿಯಲ್ಲಿಲ್ಲದ ಮಾತಿಗೆ ಹುಬ್ಬು ಗಂಟಿಕ್ಕಿ, ಶಿಳ್ಳೆಗೆ ಗಂಟು ಬಿಚ್ಚಿದರು. ರೋಣದ ಹುಡುಗಿ ಸೆರಗಿನಿಂದ ತುಟಿಯ ಬಣ್ಣ ಒರೆಸಿಕೊಂಡಳು.

ಆಟ ಮುಗಿದು ಬಣ್ಣದ ಕೋಣೆಯಲ್ಲಿ ಸುನಂದಾಬಾಯಿ ಕೊಬ್ಬರಿ ಎಣ್ಣೆಯಿಂದ ಮುಖ ಒರೆಸಿಕೊಳ್ಳುತ್ತಿದ್ದರು. ತಲೆ ಖಾಲಿ ಕೊಡದಂತೆ ಗುಂಯ್‌ಗುಡುತ್ತಿತ್ತು. ದಣಿವಾದಾಗ ಹೀಗೇ, ಈಗ ತಾನೆ ಆಡಿದ್ದೂ ಉಳಿಯುವುದಿಲ್ಲ. ಆದರೆ ಒಂದು ಉಳಿದಿತ್ತು. ಅದನ್ನು ಜಾರಗೊಡದೆ ಹಿಡಿದುಕೊಂಡಿದ್ದರು.

ಮಾದೇವಿ ಸೀರೆ ಮಡಚುತ್ತಿದ್ದಳು.

"ಆ ಮಾತು," ಎಂದರು ಸುನಂದಾಬಾಯಿ ಕನ್ನಡಿಯಲ್ಲಿ ಅವಳನ್ನು ನೋಡುತ್ತ. "ಹಸರ ಕುಪ್ಪಸದ ದಿನ. ನಾ ನಿನಗ ಅದನ್ನ ಅಂದ್ನಲ್ಲ?"

ಮಾದೇವಿ ಮಡಿಕೆಯನ್ನು ಕೈಯಿಂದ ತೀಡಿದಳು. "ಹೂಂ."

ಕ್ಷಮಿಸು ಎಂಬ ಮಾತು ಸುನಂದಾಬಾಯಿಗೆ ಮರೆತಿರಲಿಲ್ಲ. ತಗಣಿಗೆ ಕಲಿಸುವ ಮೊದಲ ಹತ್ತು ಮಾತುಗಳಲ್ಲಿ ಅದೂ ಒಂದೆಂದು ಅವರಿಗೆ ಗೊತ್ತಿತ್ತು. ಊರೆಲ್ಲ ದಿನಕ್ಕೆ ನೂರು ಸಲ ಅದನ್ನು ಉಗುಳುತ್ತಿತ್ತು. ಅದನ್ನು ಅವರು ಎತ್ತಿಕೊಳ್ಳಲಿಲ್ಲ. ತಿರುಗಿ ಕುಳಿತು, ಅರ್ಧ ಬಣ್ಣ ಅಳಿಸಿದ ಮುಖದಲ್ಲೇ, ಸೊಸೆಯನ್ನು ನೋಡುತ್ತ ಸುಮ್ಮನಿದ್ದರು. ಮಾದೇವಿ ಮಡಚಿದ ಸೀರೆಯನ್ನು ಕೆಳಗಿಟ್ಟಳು. ಹೊರಗೆ ಕುರ್ಚಿ ಸರಿಸುವ ಸದ್ದು ಮುಗಿಯಿತು. ಸಂಜೆಯ ಬೇರೆ ನಾಟಕಕ್ಕೆ ಹಾರ್ಮೋನಿಯಂ ಶ್ರುತಿ ಹಿಡಿಯಿತು. ಆ ಮೌನವನ್ನು ತುಂಬಲು ಕೋಣೆಯಲ್ಲಿ ಯಾವ ಯಂತ್ರವೂ ಇರಲಿಲ್ಲ.

ಕೊನೆಗೆ ಮಾದೇವಿ ಮೂಗು ಒರೆಸಿಕೊಂಡು, ಎಣ್ಣೆಯ ಬಟ್ಟೆ ಕಿತ್ತುಕೊಂಡು, ಅತ್ತೆಯ ಕಿವಿಯ ಹಿಂದೆ ಉಳಿದ ಬಣ್ಣವನ್ನು ಒರಟಾಗಿ ತಿಕ್ಕತೊಡಗಿದಳು.

"ಮೆಲ್ಲಕ. ತೊಗಲು ನಂದು," ಎಂದರು ಸುನಂದಾಬಾಯಿ. ಆಮೇಲೆ ಕೇಳಿದರು: "ಶಿಳ್ಳಿ ಬಿದ್ದದ್ದು ಕೇಳಿಸ್ತು. ಏನಂದ್ನಿ ಅನ್ನೂದು ಹೋಗೇತಿ. ಏನಂದ್ನಿ?"

"ನಾ ಯಾಕ ಹೇಳ್ಲಿ?" ಎಂದಳು ಮಾದೇವಿ, ತಿಕ್ಕುವುದನ್ನು ನಿಲ್ಲಿಸದೆ. "ನಾಳಿ ಟಿಕೆಟ್ ತಗೊಂಡು ಬಂದು ಕೇಳ್ರಿ."